ಕಡಿಮೆ ದುಡ್ಡಿನ ರಿಂಗ್ ಫ್ಲ್ಯಾಶ್‌ನಲ್ಲಿ ಮ್ಯಾಕ್ರೋ ಫೋಟೋ ತೆಗೆಯೋದು ಹೇಗೆ

ಮ್ಯಾಕ್ರೋ, ಅಂದ್ರೆ ಚಿಕ್ಕ ವಸ್ತುಗಳನ್ನ ತೀರಾ ಹತ್ರದಿಂದ ದೊಡ್ಡದಾಗಿ ತೆಗೆಯೋದು, ಶುರು ಮಾಡಿದವರಿಗೆ ಮೊದಲ ವಾರದಲ್ಲೇ ಎದುರಾಗೋ ತೊಂದ್ರೆ ಅಂದ್ರೆ ಬೆಳಕು ಸಾಲದೇ ಇರೋದು. ಎಲೆ ಮೇಲೆ ಇರುವೆ ಕೂತಿದೆ, ನೀವು ಲೆನ್ಸ್ ಹತ್ರ ತಗೊಂಡು ಹೋಗ್ತೀರಿ, ಹತ್ರ ಹೋದಷ್ಟೂ ಶಾರ್ಪ್ ಇರೋ ಜಾಗ ಕೂದಲೆಳೆಯಷ್ಟಾಗತ್ತೆ, ಅದಕ್ಕೇಂತ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರೋ ತೂತು, ಎಫ್ ನಂಬರ್ ದೊಡ್ಡದಾದಷ್ಟೂ ಚಿಕ್ಕದು) ಕಿರಿದು ಮಾಡಿದ್ರೆ ಕತ್ತಲಾಗತ್ತೆ, ಕತ್ತಲಿಗೆ ಶಟರ್ ನಿಧಾನ ಮಾಡಿದ್ರೆ ಕೈ ಅಲುಗತ್ತೆ, ಐಎಸ್‌ಒ ಏರಿಸಿದ್ರೆ ಇರುವೆ ಮೈ ಮೇಲಿನ ರೋಮ ಎಲ್ಲಾ ನಾಯ್ಸ್ ಒಳಗೆ ಮುಳುಗಿ ಹೋಗತ್ತೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಮ್ಯಾಗ್ನಿಫಿಕೇಶನ್‌ಗೆ (ವಸ್ತು ಎಷ್ಟು ದೊಡ್ಡದೋ ಸೆನ್ಸರ್ ಮೇಲೆ ಅದರ ಬಿಂಬಾನೂ ಅಷ್ಟೇ ದೊಡ್ಡದು) ಎಫ್ 8 ಇಟ್ರೆ ಸಿಗೋ ಡೆಪ್ತ್, ಅಂದ್ರೆ ಶಾರ್ಪ್ ಇರೋ ಜಾಗದ ಆಳ, ಹೆಚ್ಚುಕಡಿಮೆ 1 ಮಿಲಿಮೀಟರ್, ಅಷ್ಟೇ. ಎಫ್ 11 ಇಟ್ರೆ 1.3 ಮಿಲಿಮೀಟರ್ ಹತ್ರ. ಹಾಗಾಗಿ ಫ್ಲ್ಯಾಶ್ ಬೇಕೇ ಬೇಕು ಅನ್ನೋದ್ರಲ್ಲಿ ನಂಗೆ ಎರಡು ಮಾತಿಲ್ಲ. ಯಾವ ಫ್ಲ್ಯಾಶ್ ಅನ್ನೋದೇ ಪ್ರಶ್ನೆ, ಮತ್ತೆ ಅಲ್ಲೇ ಬಹಳ ಜನ ಸುಮ್ನೆ ಹೆದರಿ ದುಬಾರಿ ಮಾಡೆಲ್ ಕಡೆ ಹೋಗ್ತಾರೆ.

ನಾನು ಹೇಳೋದು ಇಷ್ಟು. ಮ್ಯಾಕ್ರೋಗೆ ಅಂತ ತಗೊಳೋ ರಿಂಗ್ ಫ್ಲ್ಯಾಶ್‌ಗೆ (ಲೆನ್ಸಿನ ಸುತ್ತ ಕೂರೋ ಉಂಗುರದ ಆಕಾರದ ಫ್ಲ್ಯಾಶ್) ಟಿಟಿಎಲ್, ಅಂದ್ರೆ ಕ್ಯಾಮೆರಾನೇ ಲೆನ್ಸ್ ಮೂಲಕ ಬೆಳಕು ಅಳೆದು ಫ್ಲ್ಯಾಶ್ ಪವರ್ ಸರಿ ಮಾಡೋ ಸೌಲಭ್ಯ, ಬೇಕಾಗಿಲ್ಲ, ಮ್ಯಾನುಯಲ್ ಇದ್ರೆ ಸಾಕು, ಯಾಕಂದ್ರೆ ಫ್ಲ್ಯಾಶ್ ಲೆನ್ಸಿನ ಮೂತಿಗೇ ಕಚ್ಕೊಂಡಿರತ್ತೆ. 1:1 ಅಂತ ಸೆಟ್ ಮಾಡಿ ಮುಂದಕ್ಕೆ ಹಿಂದಕ್ಕೆ ವಾಲಿ ಫೋಕಸ್ ಮಾಡಿದ್ರೆ ಪ್ರತಿ ಸಲಾನೂ ಲೆನ್ಸಿಗೂ ಹುಳಕ್ಕೂ ನಡುವೆ ಇರೋ ದೂರ ಒಂದೇ, ಅಂದ್ರೆ ಫ್ಲ್ಯಾಶಿಗೂ ಹುಳಕ್ಕೂ ಇರೋ ದೂರಾನೂ ಒಂದೇ. ದೂರ ಬದಲಾಗ್ಲಿಲ್ಲ ಅಂದ್ರೆ ಎಕ್ಸ್‌ಪೋಷರ್ ಯಾಕೆ ಬದಲಾಗತ್ತೆ? ಒಂದ್ಸಲ ಕೂತು ಟೆಸ್ಟ್ ಮಾಡಿ ನಂಬರ್ ಬರ್ಕೊಂಡ್ರೆ ಆಮೇಲೆ ಆ ಲೆನ್ಸಿಗೆ ಅದೇ ಸೆಟ್ಟಿಂಗ್. ಮದುವೆ ಮನೆಯಲ್ಲಿ ಫೋಟೋ ತೆಗೆಯೋರಿಗೆ ಜನ ಹತ್ರ ಬರ್ತಾರೆ ದೂರ ಹೋಗ್ತಾರೆ, ಅವ್ರಿಗೆ ಟಿಟಿಎಲ್ ಬೇಕು, ನಮಗೆ ಆ ಕಷ್ಟ ಇಲ್ಲ.

ಕೊಳ್ಳೋಕೆ ಮುಂಚೆ ನೋಡ್ಬೇಕಾದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ಹೋಗೋದು ಇಲ್ಲೇ. "ಮ್ಯಾಕ್ರೋ ರಿಂಗ್ ಫ್ಲ್ಯಾಶ್" ಅಂತ ಹೆಸರು ಹಾಕಿ ಮಾರೋ ತುಂಬಾ ಅಗ್ಗದ ಐಟಮ್ಮುಗಳಲ್ಲಿ ಎಷ್ಟೋ ನಿಜವಾದ ಫ್ಲ್ಯಾಶೇ ಅಲ್ಲ, ಸುತ್ತ ಎಲ್‌ಇಡಿ ಜೋಡಿಸಿರೋ ದೀಪ. ಯಾವಾಗ್ಲೂ ಉರೀತಿರತ್ತೆ, ಕಣ್ಣಿಗೆ ಜೋರಾಗಿ ಕಾಣತ್ತೆ, ಆದ್ರೆ ಎಫ್ 11ಗೆ ಹೋದಾಗ ಅದರ ಬೆಳಕು ಏನಕ್ಕೂ ಸಾಲಲ್ಲ. ನಿಜವಾದ ಫ್ಲ್ಯಾಶ್ ಒಳಗೆ ಝೆನಾನ್ ಟ್ಯೂಬ್ ಇರತ್ತೆ, ಕೆಪಾಸಿಟರ್‌ನಲ್ಲಿ ಕೂಡಿಟ್ಟ ಚಾರ್ಜನ್ನ ಒಂದೇ ಏಟಿಗೆ ಸುರಿಯತ್ತೆ, ಕಡಿಮೆ ಪವರ್‌ನಲ್ಲಿ ಆ ಮಿಂಚು ಸೆಕೆಂಡಿನ ಕೆಲವು ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ ಇರತ್ತೆ. ಗಾಳಿಗೆ ಅಲುಗೋ ಹೂವು, ನಿಮ್ಮ ಕೈ ನಡುಕ, ಎರಡನ್ನೂ ನಿಲ್ಲಿಸೋದು ಆ ಚಿಕ್ಕ ಮಿಂಚೇ ಹೊರತು ಶಟರ್ ಸ್ಪೀಡ್ ಅಲ್ಲ. ಎಲ್‌ಇಡಿಗೆ ಈ ಶಕ್ತಿ ಇಲ್ಲ.

ಗುರುತು ಹಿಡಿಯೋದು ಸುಲಭ. ವಿವರದಲ್ಲಿ ಗೈಡ್ ನಂಬರ್ (ಫ್ಲ್ಯಾಶ್ ಎಷ್ಟು ಜೋರು ಅನ್ನೋದರ ಅಳತೆ) ಕೊಟ್ಟಿದ್ದಾರಾ, ರೀಸೈಕಲ್ ಟೈಮ್ (ಮತ್ತೆ ಚಾರ್ಜ್ ಆಗೋಕೆ ಹಿಡಿಯೋ ಹೊತ್ತು) ಕೊಟ್ಟಿದ್ದಾರಾ, ಪವರ್‌ನ 1/1, 1/2, 1/4 ಅಂತ 1/64 ಅಥವಾ 1/128 ತನಕ ಇಳಿಸೋಕೆ ಆಗತ್ತಾ ನೋಡಿ. ಇದೆ ಅಂದ್ರೆ ಅದು ಫ್ಲ್ಯಾಶ್. ಅದರ ಬದಲು ಎಷ್ಟು ಎಲ್‌ಇಡಿ ಇದೆ ಅನ್ನೋದನ್ನೇ ದೊಡ್ಡದಾಗಿ ಬರೆದಿದ್ರೆ ಅದು ದೀಪ. ನಾಣ್ಯ, ಸ್ಟ್ಯಾಂಪು, ಒಡವೆ ಹೀಗೆ ಅಲ್ಲಾಡದೇ ಇರೋದನ್ನ ಟ್ರೈಪಾಡ್ ಹಾಕಿ ತೆಗೆಯೋರಿಗೆ ಆ ದೀಪಾನೇ ಸಾಕು, ಅದನ್ನ ಬೇಡ ಅನ್ನಲ್ಲ. ಹುಳ ಹುಪ್ಪಟೆ ಹಿಂದೆ ಹೋಗೋರು ಮಾತ್ರ ಅದನ್ನ ತಗೋಬೇಡಿ.

ಯಾಂಗ್‌ನುವೋ ವೈಎನ್-14ಇಎಕ್ಸ್, ಮೈಕೆ ಎಂಕೆ-14ಇಎಕ್ಸ್‌ಟಿ ಇಂಥವು ಝೆನಾನ್ ಟ್ಯೂಬ್ ಇರೋ ಕಡಿಮೆ ದುಡ್ಡಿನ ರಿಂಗ್ ಫ್ಲ್ಯಾಶ್‌ಗಳು, ಹೆಸರಲ್ಲಿರೋ 14 ಅನ್ನೋದೇ ಗೈಡ್ ನಂಬರ್, ಐಎಸ್‌ಒ 100ಕ್ಕೆ ಮೀಟರ್ ಲೆಕ್ಕದಲ್ಲಿ. 14 ಅಂದ್ರೆ ಚಿಕ್ಕದಾಯ್ತಲ್ಲ ಅನ್ನಿಸ್ಬಹುದು, ಹಾಟ್ ಶೂ (ಕ್ಯಾಮೆರಾ ತಲೆ ಮೇಲೆ ಫ್ಲ್ಯಾಶ್ ಸಿಕ್ಕಿಸೋ ಜಾಗ) ಮೇಲೆ ಕೂರೋ ದೊಡ್ಡ ಫ್ಲ್ಯಾಶ್‌ಗಳದ್ದು 50, 60 ಇರತ್ತೆ. ಆದ್ರೆ ಲೆಕ್ಕ ಹಾಕಿ ನೋಡಿ. 100 ಎಂಎಂ ಮ್ಯಾಕ್ರೋ ಲೆನ್ಸ್ 1:1ನಲ್ಲಿ ಇದ್ದಾಗ ಲೆನ್ಸಿನ ಮೂತಿಯಿಂದ ಹುಳಕ್ಕೆ ಇರೋದು ಸುಮಾರು 15 ಸೆಂಟಿಮೀಟರ್, ಗೈಡ್ ನಂಬರ್ 14ನ್ನ ಆ ದೂರದಿಂದ, ಅಂದ್ರೆ 0.15 ಮೀಟರ್‌ನಿಂದ, ಭಾಗಿಸಿದ್ರೆ 93 ಬರತ್ತೆ, ಅಂದ್ರೆ ಫುಲ್ ಪವರ್‌ನಲ್ಲಿ ಎಫ್ 93 ಇಡೋವಷ್ಟು ಬೆಳಕು. ಇನ್ನೊಂದು ಕಡೆ 1:1ಗೆ ಹೋದಾಗ ಲೆನ್ಸ್ 2 ಸ್ಟಾಪ್ ಬೆಳಕು ತಿಂದ್ಬಿಡತ್ತೆ (ಒಂದು ಸ್ಟಾಪ್ ಇಳಿದ್ರೆ ಬೆಳಕು ಅರ್ಧ, ಏರಿದ್ರೆ ಎರಡರಷ್ಟು), ನೀವು ಇಟ್ಟಿರೋ ಎಫ್ 11 ನಿಜದಲ್ಲಿ ಎಫ್ 22 ಥರ ಕೆಲ್ಸ ಮಾಡತ್ತೆ. (ಸೂತ್ರ ಬೇಕಾದ್ರೆ, ಇಟ್ಟ ಎಫ್ ನಂಬರನ್ನ ಮ್ಯಾಗ್ನಿಫಿಕೇಶನ್‌ಗೆ 1 ಸೇರಿಸಿ ಬಂದದ್ದರಿಂದ ಗುಣಿಸಿ. ನಿಕಾನ್ ಬಾಡಿಗೆ ನಿಕಾನ್‌ದೇ ಮೈಕ್ರೋ ಲೆನ್ಸ್ ಹಾಕಿದ್ರೆ ಹತ್ರ ಹೋದಂಗೆ ಎಫ್ ನಂಬರ್ ತಾನಾಗೇ ದೊಡ್ಡದಾಗೋದು ಕಾಣತ್ತೆ, ಅದು ಇದೇ ಕಾರಣಕ್ಕೆ, ಲೆನ್ಸ್ ಕೆಟ್ಟಿಲ್ಲ.) ಹಂಗಿದ್ರೂ 93ಕ್ಕೂ 22ಕ್ಕೂ ನಡುವೆ 4 ಸ್ಟಾಪ್ ಉಳಿಯತ್ತೆ, ಅಂದ್ರೆ ಐಎಸ್‌ಒ 100ರಲ್ಲೇ 1/16 ಪವರ್ ಸಾಕು. ಪವರ್ ಕೊರತೆ ಅನ್ನೋದು ಇಲ್ಲಿಲ್ಲ, ಚಿಕ್ಕ ಫ್ಲ್ಯಾಶ್ ಅಂತ ಯಾರೂ ಹಿಂಜರೀಬೇಕಿಲ್ಲ.

ಬೇರೆ ನೋಡ್ಬೇಕಾದ್ದು ಎರಡೇ. ನಿಮ್ಮ ಕ್ಯಾಮೆರಾದ ಹಾಟ್ ಶೂಗೆ ಅದು ಹೊಂದತ್ತಾ ಅನ್ನೋದು ಒಂದು. ಲೆನ್ಸಿನ ಫಿಲ್ಟರ್ ಥ್ರೆಡ್ ಸೈಜಿಗೆ ಅಡಾಪ್ಟರ್ ರಿಂಗ್ ಬಾಕ್ಸಲ್ಲೇ ಇದೆಯಾ ಅನ್ನೋದು ಇನ್ನೊಂದು, ಸಾಮಾನ್ಯವಾಗಿ 49, 52, 55, 58, 62, 67, 72, 77 ಮಿಲಿಮೀಟರ್ ಹೀಗೆ ಬರತ್ತೆ, ನಿಮ್ಮ ಲೆನ್ಸಿನ ಸೈಜ್ ಅದರ ಮುಂದಿನ ಕ್ಯಾಪ್ ಒಳಗಡೆ ಬರ್ದಿರತ್ತೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಫಿಲ್ಮ್ ಕಾಲದ ಹಳೇ ಫ್ಲ್ಯಾಶ್ ಸಿಕ್ರೆ ಸ್ವಲ್ಪ ಹುಷಾರು, ಅವುಗಳಲ್ಲಿ ಕೆಲವು ಹಾಟ್ ಶೂ ಪಿನ್ನಿಗೆ 200 ವೋಲ್ಟಿಗಿಂತ ಜಾಸ್ತಿ ಕಳಿಸ್ತವೆ, ಈಗಿನ ಕ್ಯಾಮೆರಾದ ಸರ್ಕ್ಯೂಟ್ ಸುಟ್ಟು ಹೋಗ್ಬಹುದು. ಮಲ್ಟಿಮೀಟರ್ ಇಟ್ಟು ಅಳೆದು, ಕ್ಯಾಮೆರಾದ ಮ್ಯಾನುಯಲ್‌ನಲ್ಲಿ ಎಷ್ಟು ವೋಲ್ಟ್ ತಡ್ಕೊಳತ್ತೆ ಅಂತ ನೋಡಿ, ಆಮೇಲೆ ಹಾಕಿ.

ಹಾಕೋದು, ಸೆಟ್ ಮಾಡೋದು

ಮೊದಲು ಲೆನ್ಸ್ ಹುಡ್ ತೆಗೀರಿ. ಅಡಾಪ್ಟರ್ ರಿಂಗನ್ನ ಫಿಲ್ಟರ್ ತಿರುಗಿಸ್ದಂಗೆ ತಿರುಗಿಸಿ ಕೂರಿಸಿ, ಬಲ ಹಾಕ್ಬೇಡಿ, ಥ್ರೆಡ್ ಅಡ್ಡ ಕೂತ್ರೆ ಲೆನ್ಸಿಗೇ ಏಟು. ಅದರ ಮೇಲೆ ಉಂಗುರದ ಹೆಡ್ಡನ್ನ ಎರಡೂ ಕಡೆ ಕ್ಲಿಪ್ ಒತ್ತಿ ಸಿಕ್ಕಿಸಿ, ಟಕ್ ಅಂತ ಸದ್ದು ಬರೋ ತನಕ. ನನ್ನ ಹತ್ರ ಇದ್ದ ಒಂದ್ರಲ್ಲಿ ಪ್ಲಾಸ್ಟಿಕ್ ಅಡಾಪ್ಟರ್ ಅಂಚು ಸವೆದು, ಬಗ್ಗಿ ಫೋಟೋ ತೆಗೀವಾಗ ಹೆಡ್ಡು ಕಳಚಿ ಕೇಬಲ್‌ನಲ್ಲಿ ನೇತಾಡ್ತಿತ್ತು, ಅವತ್ತಿಂದ ಲೋಹದ ಅಡಾಪ್ಟರ್ ಬಿಟ್ಟು ಬೇರೇದು ಹಾಕಿಲ್ಲ. ಇನ್ನೊಂದು ವಿಷ್ಯ, ಫೋಕಸ್ ಮಾಡ್ದಾಗ ಮೂತಿ ಮುಂದಕ್ಕೆ ಬರೋ ಲೆನ್ಸ್ ಆದ್ರೆ ಆಟೋ ಫೋಕಸ್ ಆಫ್ ಮಾಡಿ, ಅಷ್ಟು ಭಾರಾನ ಎಳೆಯೋದಕ್ಕೆ ಅದರ ಮೋಟರ್ ಮಾಡಿರಲ್ಲ. ಕಂಟ್ರೋಲ್ ಭಾಗ ಹಾಟ್ ಶೂಗೆ, ಸ್ಕ್ರೂ ಬಿಗಿ ಮಾಡಿ.

ಈಗ ಕ್ಯಾಮೆರಾ. ಮ್ಯಾನುಯಲ್ ಮೋಡ್, ಶಟರ್ 1/160, ಅಪರ್ಚರ್ ಎಫ್ 11, ಐಎಸ್‌ಒ 200, ಫೈಲ್ ರಾ, ವೈಟ್ ಬ್ಯಾಲೆನ್ಸ್ ಫ್ಲ್ಯಾಶ್ ಅಥವಾ 5500 ಕೆಲ್ವಿನ್. ಶಟರನ್ನ ನಿಮ್ಮ ಕ್ಯಾಮೆರಾದ ಸಿಂಕ್ ಸ್ಪೀಡಿಗಿಂತ ಮೇಲೆ ಹಾಕ್ಬೇಡಿ, ಬಹುಪಾಲು ಕ್ಯಾಮೆರಾಗಳಲ್ಲಿ ಅದು 1/200 ಇಲ್ಲಾ 1/250, ಅದನ್ನ ದಾಟಿದ್ರೆ ಫೋಟೋದ ಒಂದು ಭಾಗಕ್ಕೆ ಕಪ್ಪು ಪಟ್ಟಿ ಬರತ್ತೆ. ಮಿರರ್‌ಲೆಸ್ ಇರೋರು ಎರಡು ಮೆನು ನೋಡ್ಕೋಬೇಕು. ಸೈಲೆಂಟ್ ಅಥವಾ ಎಲೆಕ್ಟ್ರಾನಿಕ್ ಶಟರ್ ಆನ್ ಇದ್ರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಹೊಡಿಯೋದೇ ಇಲ್ಲ, ಹಾಗೇ ಎಕ್ಸ್‌ಪೋಷರ್ ಪ್ರಿವ್ಯೂ ಆನ್ ಇದ್ರೆ ಎಫ್ 11ಕ್ಕೆ ವ್ಯೂಫೈಂಡರ್ ಪೂರ್ತಿ ಕಪ್ಪಾಗಿ ಏನೂ ಕಾಣಲ್ಲ, ಆ ಪ್ರಿವ್ಯೂ ಆಫ್ ಮಾಡಿದ್ರೆ ಸರಿ ಹೋಗತ್ತೆ. ಹೊಸಬರು ಫ್ಲ್ಯಾಶ್ ಕೆಟ್ಟಿದೆ ಅಂತ ವಾಪಸ್ ಕಳ್ಸೋದು ಎಷ್ಟೋ ಸಲ ಈ ಎರಡರಿಂದಾನೇ.

ಎಫ್ 16, ಎಫ್ 22ಕ್ಕೆ ಹೋದ್ರೆ ಡೆಪ್ತ್ ಇನ್ನೂ ಸಿಗತ್ತಲ್ಲ ಅಂತ ಕೇಳ್ತೀರಿ. ಸಿಗತ್ತೆ, ಆದ್ರೆ ಡಿಫ್ರಾಕ್ಷನ್‌ನಿಂದ (ತೀರಾ ಚಿಕ್ಕ ತೂತಿನಲ್ಲಿ ಹಾಯುವಾಗ ಬೆಳಕು ಹರಡ್ಕೊಳ್ಳೋದು) ಇಡೀ ಫೋಟೋನೇ ಸ್ವಲ್ಪ ಮೆತ್ತಗಾಗತ್ತೆ, 1:1ನಲ್ಲಿ ಎಫ್ 22 ಅಂದ್ರೆ ನಿಜದಲ್ಲಿ ಎಫ್ 44. ಹುಳದ ಕಣ್ಣಿನ ಚಿಕ್ಕ ಚಿಕ್ಕ ಷಟ್ಕೋನಗಳು ಬಿಡಿಬಿಡಿಯಾಗಿ ಕಾಣ್ಬೇಕು ಅಂದ್ರೆ ಎಫ್ 8ರಿಂದ ಎಫ್ 11 ಒಳಗೆ ಇರಿ.

ಟೆಸ್ಟ್ ಮಾಡಿ ನಂಬರ್ ಬರ್ಕೊಳ್ಳೋದು

ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ಹೊಡೀರಿ. ಪೂರ್ತಿ ಕಪ್ಪು ಬರ್ಬೇಕು. ಬಂತು ಅಂದ್ರೆ ಸುತ್ತಲಿನ ಬೆಳಕು ಫೋಟೋದಲ್ಲಿ ಸೇರ್ತಿಲ್ಲ, ಎಲ್ಲಾ ಫ್ಲ್ಯಾಶಿಂದೇ, ಹಾಗಾಗಿ ಕೈ ಅಲುಗಿದ್ರೂ ಮಸುಕಾಗಲ್ಲ. ನೆರಳಲ್ಲಿ ಹೀಗೇ ಬರತ್ತೆ, ಆದ್ರೆ ನೇರ ಬಿಸಿಲಲ್ಲಿ ಇದೇ ಸೆಟ್ಟಿಂಗ್‌ಗೆ ಫೋಟೋ ಹೆಚ್ಚುಕಡಿಮೆ ಪೂರ್ತಿ ಕಾಣೋವಷ್ಟು ಬೆಳಗತ್ತೆ, ಆಗ ಫ್ಲ್ಯಾಶಿನ ಶಾರ್ಪ್ ಚಿತ್ರದ ಪಕ್ಕದಲ್ಲೇ ಬಿಸಿಲಿನ ಅಲುಗಿದ ಚಿತ್ರಾನೂ ದೆವ್ವದ ಥರ ಅಂಟ್ಕೊಂಡು ಬರತ್ತೆ. ಬಿಸಿಲಿದ್ರೆ ನಿಮ್ಮ ಮೈಯಿಂದಾನೋ ಒಂದು ಕೊಡೆಯಿಂದಾನೋ ಹುಳದ ಮೇಲೆ ನೆರಳು ಬೀಳೋ ಹಾಗೆ ಮಾಡ್ಕೊಳ್ಳಿ.

ಆಮೇಲೆ ಮೇಜಿನ ಮೇಲೆ ಒಂದು ಹಸಿರು ಎಲೆ ಇಡಿ, ಎಲೆ ಯಾಕಂದ್ರೆ ಅದು ತುಂಬಾ ಬಿಳಿಯೂ ಅಲ್ಲ ತುಂಬಾ ಕಪ್ಪೂ ಅಲ್ಲ. ಲೆನ್ಸ್ 1:1ಗೆ ಇಟ್ಟು, ಫ್ಲ್ಯಾಶ್ 1/64ರಿಂದ ಶುರು ಮಾಡಿ ಒಂದೊಂದೇ ಸ್ಟಾಪ್ ಏರಿಸ್ತಾ 1/4 ತನಕ ಫೋಟೋ ತೆಗೀರಿ. ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸೋ, ಕಪ್ಪಿನಿಂದ ಬಿಳಿ ತನಕದ ಬೆಳಕಿನ ಗ್ರಾಫ್) ನೋಡಿ, ಅದರ ಗುಡ್ಡ ನಡುಮಧ್ಯದಲ್ಲಿ ನಿಂತಿದ್ದು ಯಾವ್ದು ಅಂತ ಬರ್ಕೊಳ್ಳಿ. ಇದನ್ನೇ 1:2ಗೆ ಮಾಡಿ, 1:4ಗೆ ಮಾಡಿ. ಒಂದು ಚೆಂದದ ವಿಷ್ಯ ಗಮನಕ್ಕೆ ಬರತ್ತೆ: 1:2ಕ್ಕೂ 1:1ಕ್ಕೂ ಬೇಕಾಗೋ ಪವರ್ ಹತ್ತಹತ್ರ ಒಂದೇ. ಹತ್ರ ಹೋದಾಗ ಫ್ಲ್ಯಾಶ್ ಹತ್ರ ಬಂದು ಬೆಳಕು ಹೆಚ್ಚಾಗತ್ತೆ, ಅದೇ ಹೊತ್ತಿಗೆ ಲೆನ್ಸ್ ಬೆಳಕು ತಿನ್ನೋದೂ ಹೆಚ್ಚಾಗತ್ತೆ, ಎರಡೂ ಒಂದನ್ನೊಂದು ಸರಿದೂಗಿಸ್ಬಿಡ್ತವೆ. 1:4ಗೆ ಮಾತ್ರ ಒಂದು ಸ್ಟಾಪ್ ಚಿಲ್ಲರೆ ಜಾಸ್ತಿ ಬೇಕಾಗತ್ತೆ. ಈ ನಂಬರ್‌ಗಳನ್ನ ಒಂದು ಚೀಟಿಯಲ್ಲಿ ಬರ್ದು ಫ್ಲ್ಯಾಶಿನ ಹಿಂದುಗಡೆ ಅಂಟಿಸ್ಬಿಡಿ, ನಿಮ್ಮ ಟಿಟಿಎಲ್ ಅದೇ.

ಇದಕ್ಕೆ ಅಪವಾದ ಇರೋದು ವಸ್ತುವಿನ ಬಣ್ಣದಲ್ಲಿ. ಬಿಳಿ ಹೂವು, ಬಿಳಿ ಜೇಡಕ್ಕೆ ಒಂದು ಸ್ಟಾಪ್ ಇಳಿಸಿ, ಕಪ್ಪು ದುಂಬಿಗೆ ಅರ್ಧದಿಂದ ಒಂದು ಸ್ಟಾಪ್ ಏರಿಸಿ.

ಬೆಳಕನ್ನ ಮೆತ್ತಗೆ ಮಾಡೋದು, ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು

ರಿಂಗ್ ಫ್ಲ್ಯಾಶನ್ನ 1952ರಲ್ಲಿ ಲೆಸ್ಟರ್ ಡೈನ್ ಅನ್ನೋರು ಹಲ್ಲಿನ ಫೋಟೋ ತೆಗೆಯೋಕೆ ಅಂತ ಮಾಡಿದ್ದು. ಬಾಯಿ ಒಳಗಡೆ ಪಕ್ಕದಿಂದ ಬೆಳಕು ಬಿಟ್ರೆ ಕೆನ್ನೆ, ತುಟಿದೇ ನೆರಳು ಬೀಳತ್ತೆ, ಲೆನ್ಸ್ ಎಲ್ಲಿಂದ ನೋಡತ್ತೋ ಅಲ್ಲಿಂದಾನೇ ಬೆಳಕೂ ಹೋದ್ರೆ ಮಾತ್ರ ಹಿಂದಿನ ಹಲ್ಲು ಕಾಣತ್ತೆ. ಈ ಹುಟ್ಟು ನೆನಪಿಟ್ಕೊಂಡ್ರೆ ಇದು ಎಲ್ಲಿ ಚೆನ್ನಾಗಿ ಕೆಲ್ಸ ಮಾಡತ್ತೆ ಎಲ್ಲಿ ಮಾಡಲ್ಲ ಅನ್ನೋದು ತಾನಾಗೇ ತಿಳಿಯತ್ತೆ. ಗಂಟೆ ಥರದ ಹೂವಿನ ಆಳದಲ್ಲಿರೋ ಕೇಸರ, ಮರದ ಪೊಟರೆ ಒಳಗಿನ ಹುಳ, ಗೂಡಿನ ಬಾಯಲ್ಲಿ ಕೂತ ಜೇಡ, ಇಲ್ಲೆಲ್ಲಾ ಇದಕ್ಕೆ ಸಮ ಇಲ್ಲ. ಆದ್ರೆ ನೆರಳೇ ಇಲ್ಲದ ಬೆಳಕಲ್ಲಿ ಉಬ್ಬು ತಗ್ಗು ಗೊತ್ತಾಗಲ್ಲ, ದುಂಬಿ ಬೆನ್ನು ಕಾಗದಕ್ಕೆ ಅಂಟಿಸಿದ ಚಿತ್ರದ ಥರ ಚಪ್ಪಟೆ ಕಾಣತ್ತೆ, ಅದರ ಜೊತೆಗೆ ಹೊಳೆಯೋ ಮೈ ಮೇಲೆ ಬಿಳೀ ಬಳೆ ಆಕಾರದ ಪ್ರತಿಬಿಂಬ ಬೇರೆ. ನೆಗೆಯೋ ಜೇಡದ ಎರಡು ದೊಡ್ಡ ಕಣ್ಣಲ್ಲಿ ಎರಡು ಬಿಳಿ ಬಳೆ ಬಂದ್ರೆ ಆ ಕಣ್ಣಿನ ಆಳ ಎಲ್ಲಾ ಹೋಯ್ತು, ನೋಡೋಕೆ ಬೇಜಾರಾಗತ್ತೆ.

ಇದನ್ನ ಸರಿ ಮಾಡೋಕೆ ಮೂರು ದಾರಿ ನಾನು ಬಳಸ್ತೀನಿ.

ಡಿಫ್ಯೂಸರ್, ಅಂದ್ರೆ ಬೆಳಕು ಹರಡೋ ಪರದೆ, ಮೊದಲನೇದು. ಸಾಮಾನು ಪ್ಯಾಕ್ ಮಾಡೋಕೆ ಸುತ್ತಿರ್ತಾರಲ್ಲ ಬಿಳೀ ತೆಳು ಫೋಮ್ ಶೀಟು, ಅದು ಅಥವಾ ಟ್ರೇಸಿಂಗ್ ಪೇಪರ್ ತಗೊಳ್ಳಿ. ಉಂಗುರದ ಹೊರ ಅಂಚಿಗಿಂತ 3, 4 ಸೆಂಟಿಮೀಟರ್ ದೊಡ್ಡದಾಗಿ ವೃತ್ತ ಕತ್ತರಿಸಿ, ನಡುವೆ ಲೆನ್ಸಿನ ಗಾಜಿಗೆ ಅಡ್ಡ ಬರದಷ್ಟು ತೂತು ಮಾಡಿ. ಇದನ್ನ ಉಂಗುರಕ್ಕೆ ಅಂಟಿಸಿಬಿಡ್ಬೇಡಿ, ಅಲ್ಲೇ ಜನ ತಪ್ಪೋದು. ಅಂಟಿಸಿದ್ರೆ ಬೆಳಕು ಕಡಿಮೆ ಆಗತ್ತೆ ಅಷ್ಟೇ, ಮೆತ್ತಗಾಗಲ್ಲ, ಯಾಕಂದ್ರೆ ಬೆಳಕಿನ ಸೈಜ್ ಅಷ್ಟೇ ಇರತ್ತೆ. ಉಂಗುರದಿಂದ 2, 3 ಸೆಂಟಿಮೀಟರ್ ಮುಂದೆ ನಿಲ್ಲೋ ಹಾಗೆ ದಪ್ಪ ಕಾಗದದ ಪಟ್ಟಿಯಿಂದ ಒಂದು ಬಳೆ ಮಾಡಿ ಅದರ ಮೇಲೆ ಕೂರಿಸಿ, ಆಗ ಬೆಳಕು ಹರಡಿ ಇಡೀ ಶೀಟ್ ಹೊಳಿಯತ್ತೆ, ಹುಳದ ಕಣ್ಣಲ್ಲಿ ಗಟ್ಟಿ ಬಳೆ ಬದಲು ಅಗಲವಾದ ಮೆದು ಹೊಳಪು ಬರತ್ತೆ. ಒಂದರಿಂದ ಎರಡು ಸ್ಟಾಪ್ ಬೆಳಕು ಹೋಗತ್ತೆ, ಹೋಗ್ಲಿ, ನಮ್ಮ ಹತ್ರ 4 ಸ್ಟಾಪ್ ಮಿಕ್ಕಿತ್ತಲ್ಲ. ಡಿಫ್ಯೂಸರ್ ಹಾಕಿ ಮತ್ತೆ ಮೇಲಿನ ಟೆಸ್ಟ್ ಮಾಡಿ ಚೀಟಿ ತಿದ್ಕೊಳ್ಳಿ, ಮರೀಬೇಡಿ.

ಎರಡನೇದು ಉಂಗುರದ ಅರ್ಧ ಭಾಗಾನ ಕಡಿಮೆ ಮಾಡೋದು. ಈ ಫ್ಲ್ಯಾಶ್‌ಗಳಲ್ಲಿ ಎರಡು ಟ್ಯೂಬ್ ಇರತ್ತೆ, ಎ ಮತ್ತು ಬಿ, ರೇಶಿಯೋ 1:8ರಿಂದ 8:1 ತನಕ ಬದಲಾಯಿಸೋ ಸೌಲಭ್ಯ ಅಗ್ಗದವುಗಳಲ್ಲೂ ಇರತ್ತೆ. ಎ ಭಾಗ ಮೇಲೆ ಬರೋ ಹಾಗೆ ಹೆಡ್ಡು ತಿರುಗಿಸಿ, ರೇಶಿಯೋ 4:1 ಇಡಿ. ಮೇಲಿಂದ ಬೆಳಕು ಕೆಳಗೆ ತೆಳು ನೆರಳು, ಹಗಲಲ್ಲಿ ನಾವು ಏನನ್ನಾದ್ರೂ ನೋಡೋದೇ ಹಂಗಲ್ವಾ, ಹಾಗಾಗಿ ಕಣ್ಣಿಗೆ ಸಹಜ ಅನ್ಸತ್ತೆ. ರೇಶಿಯೋ ಇಲ್ಲದ ಮಾಡೆಲ್ ಆದ್ರೆ ಕೆಳಗಿನ ಅರ್ಧಕ್ಕೆ ಕಪ್ಪು ಕಾಗದ ಕಟ್ಟಿ, ಕಡಿಮೆ ಪವರ್‌ನಲ್ಲಿ ಏನೂ ಆಗಲ್ಲ, ಫುಲ್ ಪವರ್‌ನಲ್ಲಿ ಮೇಲಿಂದ ಮೇಲೆ ಹೊಡೆದ್ರೆ ಮಾತ್ರ ಬಿಸಿಯಾಗತ್ತೆ.

ಮೂರನೇದು ಉಂಗುರಾನ ಲೆನ್ಸಿಂದ ಬಿಚ್ಚಿ ಎಡಗೈಲಿ ಹಿಡ್ಕೊಳ್ಳೋದು. ಕೇಬಲ್ ಅಷ್ಟು ಉದ್ದ ಇರತ್ತೆ. ಹುಳದ ಮೇಲೆ ಓರೆಯಾಗಿ, ಒಂದು ಗೇಣು ದೂರದಲ್ಲಿ ಹಿಡಿದ್ರೆ ರೆಕ್ಕೆ ಮೇಲಿನ ನರ, ಎಲೆ ಮೇಲಿನ ರೋಮ, ನಾಣ್ಯದ ಅಕ್ಷರ ಎಲ್ಲಾ ಎದ್ದು ಕಾಣತ್ತೆ. ದೂರ ಪ್ರತಿ ಸಲ ಬದಲಾಗೋದ್ರಿಂದ ಚೀಟಿಯ ನಂಬರ್ ಇಲ್ಲಿ ನಡಿಯಲ್ಲ, ಎರಡು ಮೂರು ಫೋಟೋ ತೆಗೆದು ನೋಡ್ಕೊಂಡು ಸರಿ ಮಾಡ್ಕೋಬೇಕು.

ಫೋಕಸ್ಸು, ಹಿನ್ನೆಲೆ

ಆಟೋ ಫೋಕಸ್ ನಂಬ್ಕೋಬೇಡಿ. ಮ್ಯಾಗ್ನಿಫಿಕೇಶನ್ ಫಿಕ್ಸ್ ಮಾಡಿ, ಮೊಣಕೈ ಮಂಡಿಗೋ ನೆಲಕ್ಕೋ ಊರಿ, ಇಡೀ ಮೈಯನ್ನ ನಿಧಾನಕ್ಕೆ ಮುಂದಕ್ಕೆ ವಾಲಿಸ್ತಾ ಹೋಗಿ, ಕಣ್ಣು ಶಾರ್ಪ್ ಆದ ಕ್ಷಣ ಒತ್ತಿ. ಹತ್ತರಲ್ಲಿ ಎರಡು ಸರಿಯಾಗಿ ಬಂದ್ರೆ ಚೆನ್ನಾಗಿ ಮಾಡ್ತಿದ್ದೀರಿ ಅಂತಾನೇ ಅರ್ಥ. ಇಂಥ ಫ್ಲ್ಯಾಶ್‌ಗಳಲ್ಲಿ ಫೋಕಸ್‌ಗೆ ಅಂತ ಚಿಕ್ಕ ದೀಪ ಇದ್ರೆ ಸಂಜೆ ಹೊತ್ತು ಅದನ್ನ ಹಾಕ್ಕೊಳ್ಳಿ, ಬಹಳ ಉಪಯೋಗ. ಹುಳದ ಮೈಯಿ ಎಷ್ಟು ಉದ್ದ ಇದೆಯೋ ಅಷ್ಟೂ ಸೆನ್ಸರ್‌ಗೆ ಸಮಾನಾಂತರ ಬರೋ ಹಾಗೆ ಪಕ್ಕದಿಂದ ಹೋದ್ರೆ ಆ 1 ಮಿಲಿಮೀಟರ್ ಡೆಪ್ತಲ್ಲೇ ತಲೆಯಿಂದ ಬಾಲದ ತನಕ ಶಾರ್ಪ್ ಸಿಗತ್ತೆ. ಹತ್ರ ಹೋಗುವಾಗ ನಿಮ್ಮ ನೆರಳು ಅದರ ಮೇಲೆ ಥಟ್ಟಂತ ಬೀಳದ ಹಾಗೆ, ಅದು ಕೂತ ಕಡ್ಡಿ ಅಲುಗದ ಹಾಗೆ ಹೋಗಿ. ಹುಳಾನ ಫ್ರಿಜ್ಜಲ್ಲಿಟ್ಟು ಮಂಕಾಗಿಸಿ ಫೋಟೋ ತೆಗೆಯೋರಿದ್ದಾರೆ, ದಯವಿಟ್ಟು ಅದನ್ನ ಮಾಡ್ಬೇಡಿ. ಬೆಳಗಿನ ಜಾವ ತಣ್ಣಗಿದ್ದಾಗ ಅವು ತಾವೇ ನಿಧಾನವಾಗಿರ್ತವೆ, ಎದ್ದು ಹೋಗಿ.

ಹಿನ್ನೆಲೆ ಪೂರ್ತಿ ಕಪ್ಪು ಬರತ್ತೆ ಅಂತ ಎಲ್ಲರೂ ದೂರ್ತಾರೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗತ್ತೆ, 15 ಸೆಂಟಿಮೀಟರ್‌ನಲ್ಲಿರೋ ಹುಳಕ್ಕೆ ಬಿದ್ದ ಬೆಳಕಿನ ಹದಿನಾರರಲ್ಲಿ ಒಂದು ಪಾಲು ಮಾತ್ರ 60 ಸೆಂಟಿಮೀಟರ್‌ನಲ್ಲಿರೋ ಎಲೆಗೆ ಸಿಗೋದು, ಅದಕ್ಕೇ ರಾತ್ರಿ ಹೊತ್ತಲ್ಲಿ ತೆಗೆದಂಗೆ ಕಾಣೋದು. ಸುಲಭದ ಪರಿಹಾರ ಅಂದ್ರೆ ಹುಳದ ಹಿಂದೆ 5, 10 ಸೆಂಟಿಮೀಟರ್ ದೂರದಲ್ಲಿ ಒಂದು ದೊಡ್ಡ ಎಲೆ ಅಥವಾ ಬಣ್ಣದ ಕಾಗದ ಹಿಡಿಯೋದು, ಅದಕ್ಕೂ ಫ್ಲ್ಯಾಶ್ ಬೀಳತ್ತೆ, ಮಸುಕಾದ ಹಸಿರು ಹಿನ್ನೆಲೆ ಸಿಗತ್ತೆ. ಇಲ್ಲಾಂದ್ರೆ ಶಟರನ್ನ 1/60ಕ್ಕೆ ಇಳಿಸಿ ಐಎಸ್‌ಒ 800 ಮಾಡಿ ಫ್ಲ್ಯಾಶನ್ನ 2 ಸ್ಟಾಪ್ ಕಮ್ಮಿ ಮಾಡಿ, ಸುತ್ತಲ ಬೆಳಕು ಸ್ವಲ್ಪ ಸೇರ್ಕೊಳತ್ತೆ, ಆದ್ರೆ ಕೈ ಗಟ್ಟಿ ಇರ್ಬೇಕು.

ಹೊಳಪು ಯಾವ ರೀತೀಲೂ ಹೋಗ್ತಿಲ್ಲ ಅನ್ನೋ ವಸ್ತುಗಳಿಗೆ (ಒದ್ದೆ ಎಲೆ, ವಾರ್ನಿಶ್ ಬಳಿದದ್ದು) ಉಂಗುರದ ಮೇಲೆ ಪೋಲರೈಸಿಂಗ್ ಫಿಲ್ಮ್ ಕತ್ತರಿಸಿ ಹಾಕಿ, ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ ಹೊಳಪು ಮಾಯ ಆಗೋ ತನಕ ತಿರುಗಿಸಿ. ಪವರ್ ಇನ್ನೂ ಎರಡು ಮೂರು ಸ್ಟಾಪ್ ಬೇಕಾಗತ್ತೆ.

ಬ್ಯಾಟರಿಗೆ 4 ಎಎ ಸೆಲ್ ಬೇಕಾಗತ್ತೆ, ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಹಾಕಿ, ಆಲ್ಕಲೈನ್‌ಗಿಂತ ಬೇಗ ಚಾರ್ಜ್ ಆಗಿ ಮುಂದಿನ ಫೋಟೋಗೆ ರೆಡಿ ಆಗತ್ತೆ, 1/8 ಪವರ್‌ನಲ್ಲಾದ್ರೆ ಕಾಯೋದೇ ಬೇಡ. ನಾಲ್ಕೂ ಒಂದೇ ಸಲ ಕೊಂಡ, ಒಟ್ಟಿಗೇ ಚಾರ್ಜ್ ಮಾಡಿದ ಸೆಲ್ ಆಗಿರ್ಲಿ. ಮನೆಗೆ ಬಂದ ಮೇಲೆ ಸೆಲ್ ತೆಗೆದು ಹೊರಗಿಡಿ, ಒಳಗೇ ಬಿಟ್ಟು ಲೀಕ್ ಆದ್ರೆ ಕಾಂಟ್ಯಾಕ್ಟ್ ಹಾಳಾಗತ್ತೆ. ಮತ್ತೆ ಏನೇ ಕೆಟ್ರೂ ಫ್ಲ್ಯಾಶನ್ನ ನೀವೇ ಬಿಚ್ಚೋಕೆ ಹೋಗ್ಬೇಡಿ, ಸೆಲ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಹತ್ರ ಚಾರ್ಜ್ ಕೂತಿರತ್ತೆ.